ಐದು ಮನೆಯ ಅಂಗಿ

ಹಳೆಯ ಬಟ್ಟೆಯೊಂದನ್ನು ಕೈಗೆ ಕೊಟ್ಟರೆ ಅವರು ಮೊದಲು ಮಾಡುತ್ತಿದ್ದ ಕೆಲಸ, ಅದನ್ನು ಎತ್ತಿ ಬೀದಿ ಬಾಗಿಲಿನ ಬೆಳಕಿಗೆ ಹಿಡಿಯುವುದು. ಪಂಚೆಯಾಗಲಿ, ಸೀರೆಯಾಗಲಿ, ಗಂಡಸರ ಪ್ಯಾಂಟಾಗಲಿ, ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಜರುಗಿಸುತ್ತ ನೋಡುವರು. ಬೆಳಕು ಹೆಚ್ಚು ತೂರಿ ಬರುವ ಕಡೆ ಹೆಬ್ಬೆರಳಿನಿಂದ ಒಮ್ಮೆ ಉಜ್ಜುವರು. ಆಮೇಲೆ ತೀರ್ಪು ಬರುತ್ತಿತ್ತು. "ಬಟ್ಟೆ ಹಳೇದಾಗೋದು ಮೊಣಕೈ ಹತ್ರ, ಕೂರೋ ಜಾಗದಲ್ಲಿ. ಮಿಕ್ಕಿದ್ದನ್ನ ಇನ್ನೂ ಯಾರೂ ಉಟ್ಟೇ ಇಲ್ಲ ಅನ್ಕೋ. ಬಿಟ್ಟೋಗು, ನೋಡ್ತೀನಿ."

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರು ಎಲ್ಲರಿಗೂ ಅಕ್ಕ. ಅವರಿಗಿಂತ ವಯಸ್ಸಾದವರೂ ಅಕ್ಕ ಎನ್ನುತ್ತಿದ್ದರು. ಅವರ ಗಂಡನೇ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆ ಕರೆದುಬಿಟ್ಟು ನಗೆಪಾಟಲಾಗುತ್ತಿದ್ದರು. ನನ್ನ ಅತ್ತೆ ಮಾತ್ರ "ಪಕ್ಕದ್ಮನೆಯವಳು" ಎನ್ನುತ್ತಿದ್ದರು. ಅವರ ನಿಜವಾದ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆಯನ್ನು ನಾನು ಉಳಿಸಿಕೊಂಡಿಲ್ಲ.

ನಾನು ನಂದಗುಡಿ ಕಡೆಯಿಂದ ಮದುವೆಯಾಗಿ ಆ ಬೀದಿಗೆ ಬಂದದ್ದು ಅರವತ್ತರ ದಶಕದಲ್ಲಿ. ನನ್ನ ಗಂಡ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸುತ್ತಲಿನವರೆಲ್ಲ ನೇಯ್ಗೆಯವರು. ಬೆಳಗಾದರೆ ಮನೆಮನೆಯಲ್ಲೂ ಮಗ್ಗದ ಸದ್ದು. ರಾಗಿ ಹೊಲದ ನಡುವೆ ಬೆಳೆದ ನನಗೆ ಮೊದಲ ಒಂದು ತಿಂಗಳು ತಲೆಯೊಳಗೇ ಯಾರೋ ಕುಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು. ಬೀದಿಯಲ್ಲಿ ದಿನಕ್ಕೆ ಎಷ್ಟೋ ಹೊಸ ಸೀರೆ ಮಗ್ಗದಿಂದ ಇಳಿದು, ಮಡಿಕೆ ಬಿದ್ದು, ಬೆಂಗಳೂರಿನ ಬಸ್ಸು ಹತ್ತುತ್ತಿದ್ದವು. ಅವನ್ನು ನೇಯ್ದ ಮನೆಗಳ ಹೆಂಗಸರು ಮಾತ್ರ ಸೆರಗಿಗೆ ತೇಪೆ ಹಾಕಿಕೊಂಡು ನಲ್ಲಿಯ ಹತ್ತಿರ ನಿಂತಿರುತ್ತಿದ್ದರು. ಅಕ್ಕನಿಗೆ ಕೆಲಸ ಎಲ್ಲಿಂದ ಬರುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಅವರ ಹತ್ತಿರ ಹೊಲಿಗೆ ಯಂತ್ರ ಇರಲಿಲ್ಲ. ಎರಡು ಸೂಜಿ, ಒಂದು ಕತ್ತರಿ, ಗುರುತು ಹಾಕಲು ಸವೆದು ಸವೆದು ಬಿಲ್ಲೆಯಾದ ಬಟ್ಟೆ ಸೋಪು. ಅವರ ಗಂಡ ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದರು. ಸಂಜೆ ಬರುವಾಗ ನೂಲು ಸುತ್ತುವ ಕಂಡಿಕೆಗಳಲ್ಲಿ ಉಳಿದ ತುಂಡು ನೂಲನ್ನು ಕೇಳಿಕೊಂಡು ತರುತ್ತಿದ್ದರು. ಅಕ್ಕ ಅದನ್ನು ತೊಡೆಯ ಮೇಲೆ ಹೊಸೆದು ಹೊಲಿಗೆ ದಾರ ಮಾಡಿಕೊಳ್ಳುತ್ತಿದ್ದರು. ಹಾಗಾಗಿ ಅವರು ಹೊಲಿದ ಬಿಳಿ ಅಂಗಿಯಲ್ಲಿ ಹಸಿರು ದಾರ ಇಣುಕುವುದು, ಕರಿ ಚಡ್ಡಿಯಲ್ಲಿ ಗುಲಾಬಿ ಬಣ್ಣದ ಕಾಜಾ ಇರುವುದು ನಮಗೆಲ್ಲ ಮಾಮೂಲು.

ಹಳೆಯದನ್ನು ಹಾಗೆಯೇ ಕತ್ತರಿಸಿ ಹೊಸದು ಮಾಡುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಮೊದಲು ಹೊಲಿಗೆಯನ್ನೆಲ್ಲ ಬಿಚ್ಚಬೇಕು. ತೋಳು, ಕಾಲರು, ಜೇಬು ಬೇರೆ ಬೇರೆಯಾಗಬೇಕು. ಒಗೆಯಬೇಕು, ಒಣಗಿಸಬೇಕು. "ಅಂಗಿ ಅಂತ ಇದ್ರೆ ಅದು ಅಂಗೀನೇ ಆಗ್ಬೇಕು ಅಂತ ಹಟ ಮಾಡುತ್ತೆ. ಬಿಚ್ಚಾಕು, ಆಗ ಹೇಳ್ದಂಗೆ ಕೇಳುತ್ತೆ," ಎನ್ನುವರು. ಬಿಚ್ಚುವ ಕೆಲಸಕ್ಕೆ ನನ್ನನ್ನು ಕೂರಿಸಿಕೊಂಡರು. ನನ್ನ ಹೊಲಿಗೆ ಪಾಠ ಶುರುವಾದದ್ದು ಬಿಚ್ಚುವುದರಿಂದ.

ಹೆಣ್ಣುಮಕ್ಕಳ ಲಂಗಕ್ಕೆ ಅವರು ಒಳಗಡೆ ಮೂರು ಮಡಿಕೆ ಹಾಕಿ ಹೊಲಿಯುತ್ತಿದ್ದರು. ಹುಡುಗಿ ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚಿದರಾಯಿತು. ಬಿಚ್ಚಿದ ಕಡೆ ಬಣ್ಣ ಮಾಸದೆ ಗಾಢವಾಗಿ ಉಳಿದು ಅಡ್ಡಪಟ್ಟಿ ಕಾಣುತ್ತಿತ್ತು. ನಮ್ಮ ಬೀದಿಯ ಹುಡುಗಿಯರು ಸ್ಕೂಲಿಗೆ ಸಾಲಾಗಿ ಹೋಗುವಾಗ ಪಟ್ಟಿ ಎಣಿಸಿ ಯಾರಿಗೆ ಎಷ್ಟು ವಯಸ್ಸು ಎಂದು ಹೇಳಬಹುದಿತ್ತು.

ನನ್ನ ಗಂಡನ ಕೋಟಿನ ಕಥೆಯನ್ನು ಹೇಳದೆ ಇರಲಾರೆ. ಮಾವನವರ ಕಾಲದ ಕೋಟು. ಹೊರಗೆಲ್ಲ ಬಣ್ಣ ಹೋಗಿ, ಒಳಗೆ ಮಾತ್ರ ಹೊಸದರಂತೆ ಇತ್ತು. ಅಕ್ಕ ಅದನ್ನು ಪೂರ್ತಿ ಬಿಚ್ಚಿ, ಒಳಮೈಯನ್ನು ಹೊರಗೆ ಮಾಡಿ ತಿರುವಿ ಹೊಲಿದರು. ಕೋಟೇನೋ ಫಳಫಳ ಎನ್ನುತ್ತಿತ್ತು. ಹಾಕಿಕೊಂಡು ನೋಡಿದರೆ ಎದೆಯ ಜೇಬು ಎಡದಿಂದ ಬಲಕ್ಕೆ ಬಂದುಬಿಟ್ಟಿತ್ತು! ನಮ್ಮವರು ಕಚೇರಿಯಲ್ಲಿ ಜೋಬು ಎಲ್ಲಿ ಎಂದು ಎಡಗಡೆ ತಡವಿಕೊಳ್ಳುತ್ತ ನಿಂತರಂತೆ. ಎಲ್ಲರೂ ನಕ್ಕರೆಂದು ಮುಖ ಊದಿಸಿಕೊಂಡು ಬಂದು ಅಕ್ಕನ ಮುಂದೆ ದೂರು ಹೇಳಿದರು.

"ಕೋಟು ನೋಡೋರು ನಿಮ್ಮ ಎದುರಿಗೆ ತಾನೆ ನಿಂತಿರ್ತಾರೆ ಸ್ವಾಮಿ? ಅವರ ಎಡಕ್ಕೇ ಐತಲ್ಲ ಜೋಬು. ಸರಿಯಾಗೇ ಐತೆ ಬಿಡಿ," ಎಂದರು ಅಕ್ಕ, ಸೂಜಿಯಿಂದ ತಲೆಯೆತ್ತದೆ.

ನಮ್ಮವರು ಅದನ್ನೇ ಮಾರನೆಯ ದಿನ ಕಚೇರಿಯಲ್ಲಿ ಹೇಳಿ ಗೆದ್ದುಕೊಂಡು ಬಂದರು. ಆ ಕೋಟನ್ನು ಏಳೆಂಟು ವರ್ಷ ಹಾಕಿದರು.

ಟೆರಿಲಿನ್ ಬಂದ ಕಾಲಕ್ಕೆ ಬೀದಿಯ ಗಂಡಸರೆಲ್ಲ ಅದರ ಹಿಂದೆ ಬಿದ್ದರು. ಅಕ್ಕನಿಗೆ ಅದನ್ನು ಕಂಡರಾಗದು. ಸೂಜಿಗೆ ಸಿಕ್ಕದೆ ಜಾರುತ್ತದೆ ಎನ್ನುವುದೊಂದೇ ಕಾರಣವಲ್ಲ. "ಇದು ಹರಿಯೋದೂ ಇಲ್ಲ, ಮೆತ್ತಗಾಗೋದೂ ಇಲ್ಲ. ಎಷ್ಟ್ ವರ್ಷ ಹಾಕಿದ್ರೂ ಮೈಗೆ ಒಗ್ಗದೆ ನೆಂಟರ ಥರ ದೂರಾನೇ ಕೂತಿರುತ್ತೆ," ಎಂದು ಮೂತಿ ತಿರುವುತ್ತಿದ್ದರು. ಹತ್ತಿಯ ಬಟ್ಟೆ ಹಳೆಯದಾದಷ್ಟೂ ಅವರಿಗೆ ಇಷ್ಟ. ಹತ್ತು ವರ್ಷ ಒಗೆಸಿಕೊಂಡ ಸೀರೆಯನ್ನು ಅವರು ಕೆನ್ನೆಗೆ ಒತ್ತಿಕೊಂಡು ನೋಡುವುದನ್ನು ನಾನೇ ಎಷ್ಟೋ ಸಲ ಕಂಡಿದ್ದೇನೆ.

ಹೀಗೆ ಎಲ್ಲರ ಬಟ್ಟೆಯನ್ನೂ ಹೊಲಿಯುತ್ತಿದ್ದ ಅವರು ಒಂದನ್ನು ಮಾತ್ರ ಹೊಲಿಯುತ್ತಿರಲಿಲ್ಲ. ಹಸುಗೂಸಿನ ಬಟ್ಟೆ. ನಮ್ಮ ಕಡೆ ಹುಟ್ಟಿದ ಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಮನೆಯ ಹಿರಿಯರು ಉಟ್ಟು ಮೆತ್ತಗಾದ ಪಂಚೆಯಲ್ಲೋ ಸೀರೆಯಲ್ಲೋ ಮೊದಲ ಅಂಗಿ ಆಗಬೇಕು. ಅಕ್ಕನಿಗಿಂತ ಚೆನ್ನಾಗಿ ಅದನ್ನು ಹೊಲಿಯುವವರು ಯಾರಿದ್ದರು? ಆದರೂ ಯಾರೂ ಅವರನ್ನು ಕೇಳುತ್ತಿರಲಿಲ್ಲ. ಅವರೂ ಮುಂದಾಗುತ್ತಿರಲಿಲ್ಲ. ಬಸುರಿ ಹೆಂಗಸರು ಬಂದರೆ "ನಂಗೆ ಸಣ್ಣ ಬಟ್ಟೆ ಕೈ ಹತ್ತಲ್ಲಮ್ಮ, ನಿಮ್ಮಮ್ಮನ ಕೈಲಿ ಹೊಲಿಸ್ಕೋ" ಎಂದು ತಾವೇ ದಾರಿ ಬಿಟ್ಟುಕೊಡುತ್ತಿದ್ದರು. ಅಕ್ಕನಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದವಳ ಕೈ ತಾಗಬಾರದು ಎಂದು ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಬೀಳದಂತೆ ಅವರು ನೋಡಿಕೊಂಡಿದ್ದರು.

ನನಗೆ ಮಕ್ಕಳು ನಿಲ್ಲಲಿಲ್ಲ. ಮೊದಲನೆಯದು ಹೆಣ್ಣು, ಒಂಬತ್ತು ದಿನ ಬದುಕಿತು. ಎರಡನೆಯದು ಗಂಡು, ಮೂರು ತಿಂಗಳು. ಆ ಎರಡು ಸಲವೂ ನನ್ನ ಪಕ್ಕದಲ್ಲಿ ಕೂತು, ಸಮಾಧಾನದ ಮಾತು ಒಂದನ್ನೂ ಆಡದೆ, ತಲೆ ಬಾಚಿ, ಬಾಯಿಗೆ ಮುದ್ದೆ ಇಟ್ಟವರು ಅಕ್ಕ. ಎದೆಹಾಲು ಕಟ್ಟಿಕೊಂಡು ನಾನು ನರಳುವಾಗ ಹಳೆಯ ಪಂಚೆಯನ್ನು ಉದ್ದಕ್ಕೆ ಹರಿದು ಪಟ್ಟಿ ಕಟ್ಟಿದವರೂ ಅವರೇ. ಹೆತ್ತ ತಾಯಿಯ ಮುಂದೆ ಅಳಲಾಗದ್ದನ್ನು ಅವರ ಮುಂದೆ ಅತ್ತಿದ್ದೇನೆ.

ಮೂರನೆಯ ಸಲ ಏಳು ತಿಂಗಳಾದಾಗ ಅತ್ತೆ ಒಂದು ತೀರ್ಮಾನ ಮಾಡಿದರು. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟುವ ಕೂಸಿಗೆ ಸ್ವಂತ ಮನೆಯ ಬಟ್ಟೆ ಹಾಕಬಾರದು. ಐದು ಮನೆಯಲ್ಲಿ ಬೇಡಿ ತಂದ ತುಂಡುಗಳನ್ನು ಕೂಡಿಸಿ ಅಂಗಿ ಹೊಲಿಸಬೇಕು. ಇದು ನಮ್ಮ ಮಗುವಲ್ಲ, ಬೇಡಿ ತಂದದ್ದು ಎಂದು ಕೇಡಿನ ಕಣ್ಣಿಗೆ ತೋರಿಸಬೇಕು. ಎಂದೂ ಯಾರ ಮುಂದೆಯೂ ಕೈಚಾಚದ ಅತ್ತೆ ಸೆರಗೊಡ್ಡಿಕೊಂಡು ಐದು ಮನೆಯ ಮೆಟ್ಟಿಲು ಹತ್ತಿದರು. ಮೇಷ್ಟ್ರ ಮನೆಯ ಷರಟಿನ ತುಂಡು, ಎರಡು ನೇಕಾರರ ಮನೆಯ ಸೀರೆ, ಹಾಲಿನವರ ಮನೆಯ ಪಂಚೆ, ಆಚೆ ಬೀದಿಯ ಸಾಬರ ಮನೆಯಿಂದ ಒಂದು ದುಪಟ್ಟಾ. ಬೇರೆಯವರ ಮನೆಯ ನೀರು ಮುಟ್ಟದ ಅತ್ತೆಗೆ ಅಲ್ಲಿಗೆ ಹೋಗಲು ಅಳುಕಾಗಲಿಲ್ಲ. ಆ ಮನೆಯಲ್ಲಿ ಒಂಬತ್ತು ಮಕ್ಕಳು ಕುಣಿದಾಡಿಕೊಂಡಿದ್ದವಲ್ಲ! ಗೋಡೆಗೆ ಗೋಡೆ ತಾಗಿದ್ದ ಅಕ್ಕನ ಮನೆಯ ಮೆಟ್ಟಿಲನ್ನು ಮಾತ್ರ ಅವರು ಹತ್ತಲಿಲ್ಲ.

ಆದರೆ ಐದು ಬಗೆಯ ಬಟ್ಟೆಯನ್ನು ಕೂಡಿಸುವುದು ಕಸರತ್ತಿನ ಕೆಲಸ. ಒಂದು ದಪ್ಪ, ಒಂದು ತೆಳುವು, ಒಂದು ಎಳೆದರೆ ಹಿಗ್ಗುವುದು. ನನ್ನ ಹೊಲಿಗೆ ಅಷ್ಟಕ್ಕೆ ಸಾಲದು. ಅಕ್ಕನ ಕೈಲೇ ಹೊಲಿಸುತ್ತೇನೆ ಎಂದು ನಾನು ಹಟ ಹಿಡಿದೆ. ಅತ್ತೆ ಎರಡು ದಿನ ಮಾತು ಬಿಟ್ಟರು. ಕೊನೆಗೆ, "ಹೊಲಿಯೋದು ಹೊಲೀಲಿ. ಅವಳ ಮನೇದು ಒಂದ್ ಎಳೆ ಸೇರ್ಬಾರ್ದು. ಹೇಳ್ಬಿಡು ಅವಳಿಗೆ," ಎಂದರು.

ನಾನು ತುಂಡುಗಳನ್ನೂ ಅಂಗಡಿಯಿಂದ ತಂದ ದಾರದ ಉಂಡೆಯನ್ನೂ ತೆಗೆದುಕೊಂಡು ಹೋದೆ. ವಿಷಯ ಹೇಳಿದೆ. ಅಕ್ಕ ಎಂದಿನಂತೆ ಬಟ್ಟೆಯನ್ನು ಬೆಳಕಿಗೆ ಹಿಡಿಯಲಿಲ್ಲ. ಮಡಿಲಲ್ಲಿ ಇಟ್ಟುಕೊಂಡರು.

"ನನ್ ಕೈಲಾ? ನಿಮ್ಮತ್ತೆ ಒಪ್ಪಿದ್ರಾ?"

"ಒಪ್ಪಿದ್ರು ಅಕ್ಕ. ನೀವೇ ಹೊಲೀಬೇಕು."

"ಯೋಚ್ನೆ ಮಾಡ್ಕೋ ಕಣಮ್ಮ. ಆಮೇಲೆ..." ಎಂದರು. ಕಣ್ಣಲ್ಲಿ ನೀರಾಡಿತು. ನಾನು ಅವರನ್ನು ಬಲ್ಲ ಅಷ್ಟು ವರ್ಷಗಳಲ್ಲಿ ಅಂಥ ಸಂತೋಷವನ್ನು ಅವರ ಮುಖದಲ್ಲಿ ಕಂಡದ್ದು ಅದೊಂದೇ ಸಲ. ಆ ಮುಖ ನೋಡಿಕೊಂಡು, ನಿಮ್ಮ ಮನೆಯ ಎಳೆ ಸೇರಬಾರದಂತೆ ಎಂದು ಹೇಗೆ ಹೇಳುವುದು? ಹೇಳಲಿಲ್ಲ. ಹೇಳಿದ್ದರೆ ಆ ಕ್ಷಣಕ್ಕೆ ನೋವಾಗುತ್ತಿತ್ತು. ಆಮೇಲೆ ನಾನು ಮಾಡಿದ್ದಕ್ಕಿಂತ ಅದು ಎಷ್ಟೋ ಮೇಲಿತ್ತು.

ಹದಿನೈದು ದಿನ ಬೇರೆ ಯಾರ ಕೆಲಸವನ್ನೂ ಮುಟ್ಟದೆ ಅಕ್ಕ ಆ ಒಂದು ಗೇಣಿನ ಅಂಗಿಯನ್ನು ಹೊಲಿದರು. ಕೂಸಿನ ಮೈಗೆ ಒತ್ತದಿರಲೆಂದು ಹೊಲಿಗೆಯ ಅಂಚುಗಳನ್ನೆಲ್ಲ ಹೊರಗಡೆಗೆ ತಿರುವಿದ್ದರು. ಗುಂಡಿ ಬೇಡ, ಚುಚ್ಚುತ್ತದೆ ಎಂದು ಅದೇ ಬಟ್ಟೆಯ ಲಾಡಿ ಮಾಡಿದ್ದರು. ಐದು ಮನೆಯ ಬಟ್ಟೆ ಒಂದೇ ಮನೆಯದರಂತೆ ಕೂಡಿಕೊಂಡಿತ್ತು. ನಾನು ಮನೆಗೆ ತಂದು, ಕೋಣೆಯಲ್ಲಿ ಕೂತು, ಕೈ ತೂರಿಸಿ ತೂರಿಸಿ ಖುಷಿಪಟ್ಟೆ. ಆಗ ಕಂಡಿತು. ಎಡಗಂಕುಳಲ್ಲಿ, ತೋಳು ಸಲೀಸಾಗಿ ಆಡಲೆಂದು ಕೂರಿಸುವ ಪುಟ್ಟ ಚೌಕದ ತುಂಡು ಆ ಐದರಲ್ಲಿ ಯಾವುದೂ ಆಗಿರಲಿಲ್ಲ. ಎರಡು ಬೆರಳಗಲದ ನೇರಳೆ ಬಣ್ಣದ ಬಟ್ಟೆ. ಅಕ್ಕ ದಿನಾ ಉಡುತ್ತಿದ್ದ ಸೀರೆಯದು.

ಆ ಜಾಗ ಮೆತ್ತಗಿರಲೆಂದು ಹಾಕಿದರೋ, ಆಸೆ ತಡೆಯಲಾರದೆ ಹಾಕಿದರೋ, ನಾನು ಕೇಳಲಿಲ್ಲ. ಆಸೆಯಿಂದಲೇ ಹಾಕಿದ್ದು ಎಂದು ಈಗ ಅನ್ನಿಸುತ್ತದೆ. ಮಗುವನ್ನು ಎತ್ತಿಕೊಳ್ಳುವಾಗ ಕೈ ಹೋಗುವುದು ಅಲ್ಲಿಗೇ ಅಲ್ಲವೆ? ಯಾರ ಕಣ್ಣಿಗೂ ಬೀಳದ ಕಡೆ, ಎರಡು ಬೆರಳಷ್ಟು ಜಾಗವನ್ನು ಅವರು ತಮಗೆಂದು ಇಟ್ಟುಕೊಂಡಿದ್ದರು.

ಅತ್ತೆ ಅಂಗಡಿಗೆ ಹೋಗಿದ್ದರು. ಅವರು ಅದನ್ನು ನೋಡಿರಲಿಲ್ಲ, ನೋಡುತ್ತಲೂ ಇರಲಿಲ್ಲ. ಅವರ ಕಣ್ಣಿಗೆ ಪೊರೆ ಬಂದಿತ್ತು. ಆದರೂ ನಾನು ಬಾಗಿಲು ಮುಂದಕ್ಕೆ ಮಾಡಿ, ಸೂಜಿ ತೆಗೆದುಕೊಂಡು, ಆ ತುಂಡನ್ನು ಬಿಚ್ಚಿದೆ. ಬಿಚ್ಚುವುದನ್ನು ಕಲಿಸಿದವರು ಅವರೇ ಆದ್ದರಿಂದ ಒಂದೆಳೆಯೂ ಹರಿಯದಂತೆ ಬಿಚ್ಚಿದೆ. ಮೇಷ್ಟ್ರ ಷರಟಿನ ಉಳಿದ ಚೂರನ್ನು ಅಲ್ಲಿ ಕೂರಿಸಿದೆ. ನೇರಳೆ ತುಂಡನ್ನು ಬಚ್ಚಲ ಒಲೆಗೆ ಹಾಕಿದೆ. ನನ್ನನ್ನು ಯಾರೂ ಒತ್ತಾಯಿಸಲಿಲ್ಲ. ಅತ್ತೆಯ ಮೇಲೆ ಹಾಕಿ ಕೈತೊಳೆದುಕೊಳ್ಳಲು ಇಷ್ಟು ವರ್ಷ ಪ್ರಯತ್ನಿಸಿದ್ದೇನೆ, ಆಗಿಲ್ಲ. ಎರಡು ಕೂಸುಗಳನ್ನು ಮಣ್ಣಿಗೆ ಕೊಟ್ಟಿದ್ದೆ, ಭಯವಿತ್ತು. ಅದು ನಿಜ. ಆದರೆ ಆ ಎರಡು ಸಲವೂ ನನ್ನನ್ನು ಉಳಿಸಿದ್ದ ಕೈಗೇ ನಾನು ಹೆದರಿದೆ ಎನ್ನುವುದೂ ನಿಜ.

ಗಂಡು ಮಗು ಹುಟ್ಟಿತು. ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ಎತ್ತಿಕೊಂಡು ಬಂದು ತಿಪ್ಪ ಎಂದು ಕರೆದೆವು. ನಾಮಕರಣದ ದಿನ ಅಕ್ಕ ಕಂಬದ ಹಿಂದೆ ನಿಂತಿದ್ದರು. ನಾನೇ ಕರೆದು, ಆ ಅಂಗಿ ತೊಟ್ಟಿದ್ದ ಮಗುವನ್ನು ಅವರ ಕೈಗೆ ಕೊಟ್ಟೆ. ಯಾಕೆ ಕೊಟ್ಟೆನೋ! ಮಾಡಿದ್ದನ್ನು ಮುಚ್ಚಿಕೊಳ್ಳುವುದಕ್ಕೇ ಇರಬೇಕು. ಅವರು ಎರಡೂ ಕಂಕುಳಿಗೆ ಕೈ ಕೊಟ್ಟು ಮಗುವನ್ನು ಎತ್ತಿಕೊಂಡರು. ಬಲಗೈಯ ಬೆರಳು ಮಗುವಿನ ಎಡಗಂಕುಳಲ್ಲೇ ನಿಂತಿತು. ಮೆಲ್ಲಗೆ ಒಮ್ಮೆ ಸವರಿತು. ಬಗ್ಗಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಎಲೆ ಅಡಿಕೆ ತಟ್ಟೆಯ ಕಡೆ ತಿರುಗಿಕೊಂಡೆ.

"ಹೊಲಿಗೆ ಚೆನ್ನಾಗ್ ಬಂದೈತೆ ಕಣಮ್ಮ," ಎಂದರು ನನಗೆ ಮಾತ್ರ ಕೇಳುವಂತೆ. "ದಾರ ವಸಿ ಬಿಗಿ ಎಳ್ದಿದ್ದೀಯ. ಮಗೂಗೆ ಒತ್ತುತ್ತೆ. ಸಡ್ಲ ಮಾಡು."

ಮಗುವನ್ನು ನನ್ನ ಕೈಗೆ ಕೊಟ್ಟರು. ಊಟ ಮಾಡಿಕೊಂಡೇ ಹೋದರು. ಕೋಪಿಸಿಕೊಂಡು ಎದ್ದುಹೋಗಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಅಂದಿನಿಂದ ಅವರು ನನ್ನ ಮಗನನ್ನು ಮುಟ್ಟಲಿಲ್ಲ. ನನ್ನೊಂದಿಗೆ ಮಾತು, ನಗು, ಕಾಫಿ ಎಲ್ಲ ಹಾಗೇ ಇದ್ದವು. ತಿಪ್ಪ ಓಡಾಡುವಂತಾದ ಮೇಲೆ ಅವನ ಹರಿದ ಚಡ್ಡಿಗಳನ್ನೆಲ್ಲ ಅವರೇ ಸರಿಮಾಡಿಕೊಟ್ಟರು. ಆದರೆ ಅವನು ಕೈಚಾಚಿ ಓಡಿಬಂದಾಗಲೆಲ್ಲ "ತಡಿ ತಡಿ ಮಗ, ಕೈಲಿ ಸೂಜಿ ಐತೆ, ಚುಚ್ಚುತ್ತೆ" ಎಂದು ಎರಡೂ ಕೈಗಳನ್ನು ಮೇಲೆತ್ತಿಬಿಡುವರು. ಎಷ್ಟೋ ಸಲ ಆ ಕೈಗಳಲ್ಲಿ ಸೂಜಿ ಇರುತ್ತಿರಲಿಲ್ಲ. ನಾನು ನೋಡುತ್ತ ನಿಂತಿರುತ್ತಿದ್ದೆ. "ಎತ್ಕೊಳ್ಳಿ ಅಕ್ಕ" ಎಂದಿದ್ದರೆ ಸಾಕಿತ್ತು. ಮಗ ಚೆನ್ನಾಗಿ ಬೆಳೆಯುತ್ತಿದ್ದಾನೆ, ಈಗ ಯಾಕೆ ಆ ಮಾತು ಎಂದು ಒಳಗಿನ ಭಯ ಹೇಳುತ್ತಿತ್ತು. ನಾನು ಅದರ ಮಾತನ್ನೇ ಕೇಳಿದೆ.

ಹೋದ ತಿಂಗಳು ಒಂದು ಮದುವೆಯಲ್ಲಿ ಬೂದಿಗೆರೆಯ ಹೆಂಗಸೊಬ್ಬರು ಪಂಕ್ತಿಯಲ್ಲಿ ಪಕ್ಕಕ್ಕೆ ಸಿಕ್ಕರು. ಮಾತಿಗೆ ಮಾತು ಬಂದು ಅಕ್ಕನ ಸುದ್ದಿ ಬಂತು. ನಮ್ಮ ಬೀದಿ ಬಿಟ್ಟ ಮೇಲೆ ಅಕ್ಕ ಕೊನೆಯವರೆಗೂ ಬೂದಿಗೆರೆಯಲ್ಲೇ, ತಮ್ಮನ ಮನೆಯಲ್ಲಿ ಇದ್ದರಂತೆ. ಊರಿನ ಅರ್ಧ ಜನಕ್ಕೆ ಹಳೆ ಬಟ್ಟೆ ಹೊಲಿದುಕೊಟ್ಟರಂತೆ. ತೀರಿಕೊಂಡು ವರ್ಷವಾಯಿತಂತೆ. "ಎಲ್ಲಾ ಹೊಲಿಯೋರು, ಕೂಸಿನ ಬಟ್ಟೆ ಮಾತ್ರ ಮುಟ್ತಿರ್ಲಿಲ್ಲ. ಯಾವ ಕಾಲದಲ್ಲೋ ಒಂದ್ ಹೊಲ್ದಿದ್ದೆ, ಸಾಕು ಅನ್ನೋರು," ಎಂದರು ಆ ಹೆಂಗಸು, ಸಾರು ಕಲಸಿಕೊಳ್ಳುತ್ತ.

ಅಕ್ಕ ನಮ್ಮ ಬೀದಿ ಬಿಟ್ಟದ್ದು ತಿಪ್ಪನಿಗೆ ಆರು ತುಂಬಿದಾಗ. ಅವರ ಗಂಡನಿಗೆ ಕೆಮ್ಮು ಹೆಚ್ಚಾಗಿ ಮಗ್ಗಕ್ಕೆ ಕೂರಲಾಗದೆ, ಇಬ್ಬರೂ ಅಕ್ಕನ ತಮ್ಮನ ಊರಿಗೆ ಹೊರಟರು. ನಮ್ಮ ಮನೆಯ ಎದುರಿಗೇ ಬಸ್ಸು ನಿಲ್ಲುತ್ತಿತ್ತು. ಗಂಡ ಗಂಟುಗಳನ್ನು ಹತ್ತಿಸುತ್ತಿದ್ದರು. ತಿಪ್ಪ ನನ್ನ ಸೆರಗು ಹಿಡಿದುಕೊಂಡು ನಿಂತಿದ್ದ. ಅಕ್ಕ ನಮ್ಮ ಹತ್ತಿರ ಬಂದರು. ಕೈಯಲ್ಲಿ ಸೂಜಿ ಇರಲಿಲ್ಲ, ಏನೂ ಇರಲಿಲ್ಲ.

"ಇನ್ನು ಯಾವಾಗ್ ನೋಡ್ತೀನೋ. ಒಂದ್ಸಲ ಇವನ ತಲೆ ಮುಟ್ಲೇನಮ್ಮ?" ಎಂದು ಕೇಳಿದರು.

ನಾನು ಹೂಂ ಅನ್ನಬೇಕಿತ್ತು. ಬಾಯಿ ತೆರೆಯುವ ಮೊದಲೇ ನನ್ನ ಕತ್ತು ತಾನಾಗಿ ಹಿಂದಕ್ಕೆ ತಿರುಗಿ, ಅತ್ತೆ ನೋಡುತ್ತಿದ್ದಾರೇನೋ ಎಂದು ಮನೆಯ ಬಾಗಿಲನ್ನು ನೋಡಿತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅತ್ತೆ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು. ನಾನು ಮತ್ತೆ ಈ ಕಡೆ ತಿರುಗುವಷ್ಟರಲ್ಲಿ ಅಕ್ಕ ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಬಸ್ಸು ಹತ್ತಿದ್ದರು.